ಉಪವಾಸ ಕೂಡದ ದಿನಗಳು

ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯಂಥ ಊರಿನಲ್ಲಿ ಉಪವಾಸ ಎಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಸೋಮವಾರದ ಒಪ್ಪತ್ತು, ಶ್ರಾವಣದ ಶನಿವಾರ, ಶಿವರಾತ್ರಿಯ ನಿರಾಹಾರ, ಪೀರಲ ಹಬ್ಬಕ್ಕೆ ಹರಕೆ ಹೊತ್ತು ಫಕೀರರಾದವರ ನೇಮ, ರಂಜಾನಿನ ರೋಜಾ, ಇವೆಲ್ಲವನ್ನೂ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ, ಒಂದಲ್ಲ ಒಂದನ್ನು ತಾವೂ ಮಾಡಿದ್ದಾರೆ. ರಾಜ್ಯದಲ್ಲಿ ಬಹಳ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಬರಗಾಲ ತಂದ ಹಸಿವು ಬೇರೆ, ಬಯಸಿ ತಂದುಕೊಂಡ ಹಸಿವು ಬೇರೆ ಎಂಬುದು ಇಲ್ಲಿನವರಿಗೆ ಅನುಭವದಿಂದಲೇ ಗೊತ್ತು. ಹಾಗಾಗಿ ಬೆಳಕು ಹರಿಯುವ ಮೊದಲಿಂದ ಹೊತ್ತು ಮುಳುಗುವವರೆಗೆ ಗುಟುಕು ನೀರನ್ನೂ ಮುಟ್ಟದ ರೋಜಾದ ಬಗ್ಗೆ ಎಲ್ಲ ಜಾತಿಯವರಲ್ಲೂ ಗೌರವವಿದೆ. ಗೌರವ ತಕ್ಕದ್ದೇ. ಆದರೆ ಅದರ ಜೊತೆಯಲ್ಲೇ ಒಂದು ಗೊಂದಲವೂ ಬೆಳೆದುಬಂದಿದೆ. ಅದು ಮುಸ್ಲಿಮರಲ್ಲೂ ಅಷ್ಟೇ ಆಳವಾಗಿ ಬೇರೂರಿರುವುದರಿಂದ ಎಳೆ ಎಳೆಯಾಗಿ ಬಿಡಿಸಿ ನೋಡಬೇಕೆನಿಸಿದೆ.

ಆ ನಂಬಿಕೆ ಹೀಗಿದೆ. ವರ್ಷದ ಕೆಲವು ದಿನಗಳಿಗೆ ಅವುಗಳದೇ ಆದ ಶಕ್ತಿಯಿದೆ. ಆ ದಿನ ಹೊಟ್ಟೆ ಎಷ್ಟು ಸುಟ್ಟರೆ ಪುಣ್ಯದ ಗಂಟು ಅಷ್ಟು ದೊಡ್ಡದು. ರಂಜಾನಿನ ರೋಜಾ ಕಡ್ಡಾಯ, ಅದನ್ನು ಎಲ್ಲರೂ ಹಿಡಿಯುತ್ತಾರೆ. ತಾನಾಗಿ ಬಯಸಿ ಹಿಡಿಯುವ ನಫಿಲ್ ರೋಜಾವೇ ಭಕ್ತಿಯ ನಿಜವಾದ ಅಳತೆ. ಇದನ್ನು ತಿಳಿಗೇಡಿತನವೆಂದು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ಇದಕ್ಕೆ ಆಧಾರಗಳಿವೆ, ಅವು ಬಲವಾದ ಆಧಾರಗಳೇ. ಬಕ್ರೀದ್ ತಿಂಗಳಾದ ಜುಲ್‌ಹಜ್‌ನ ಮೊದಲ ಹತ್ತು ದಿನಗಳಲ್ಲಿ ಮಾಡಿದ ಸತ್ಕಾರ್ಯ ದೇವರಿಗೆ ಬೇರಾವ ದಿನದ ಕಾರ್ಯಕ್ಕಿಂತ ಪ್ರಿಯವೆಂದು ಬುಖಾರಿ ಸಂಗ್ರಹದ ಹದೀಸ್ (ಪ್ರವಾದಿ ಮುಹಮ್ಮದರ ನುಡಿ ನಡೆಗಳ ವರದಿ) ಹೇಳುತ್ತದೆ. ಆ ತಿಂಗಳ ಒಂಬತ್ತನೆಯ ದಿನ, ಅಂದರೆ ಹಜ್ ಯಾತ್ರಿಕರು ಅರಫಾ ಬಯಲಿನಲ್ಲಿ ನಿಲ್ಲುವ ದಿನ, ರೋಜಾ ಹಿಡಿದರೆ ಹಿಂದಿನ ಒಂದು ವರ್ಷದ, ಮುಂದಿನ ಒಂದು ವರ್ಷದ ಪಾಪ ಕಳೆಯುತ್ತದೆಂದು, ಮೊಹರಂ ಹತ್ತರ ಆಶೂರಾ ರೋಜಾದಿಂದ ಹಿಂದಿನ ವರ್ಷದ ಪಾಪ ಕಳೆಯುತ್ತದೆಂದು ಮುಸ್ಲಿಂ ಎಂಬ ಇನ್ನೊಂದು ಹದೀಸ್ ಸಂಗ್ರಹದಲ್ಲಿದೆ. ರಂಜಾನ್ ಮುಗಿದ ಮೇಲೆ ಶವ್ವಾಲ್ ತಿಂಗಳಲ್ಲಿ ಆರು ರೋಜಾ ಹಿಡಿದವರು ವರ್ಷವಿಡೀ ರೋಜಾ ಇದ್ದಂತೆ ಎಂಬ ಮಾತೂ ಅಲ್ಲೇ ಇದೆ. ರಂಜಾನಿನ ಶಬೇ ಕದರ್ ರಾತ್ರಿ ಸಾವಿರ ತಿಂಗಳಿಗಿಂತ ಮೇಲೆಂದು ಕುರಾನೇ ಹೇಳುತ್ತದೆ. ಸಾವಿರ ತಿಂಗಳೆಂದರೆ 83 ವರ್ಷಕ್ಕೂ ಮಿಗಿಲು, ಒಂದು ತುಂಬು ಆಯುಷ್ಯ. ಇಷ್ಟೆಲ್ಲ ಲೆಕ್ಕ ಗ್ರಂಥದಲ್ಲೇ ಇರುವಾಗ ಸಾಮಾನ್ಯ ಭಕ್ತ ಲೆಕ್ಕ ಹಾಕಿದರೆ ತಪ್ಪೇನು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ಶವ್ವಾಲಿನ ಆರು ರೋಜಾ ವರ್ಷಕ್ಕೆ ಸಮವಾಗುವುದು ಯಾವ ಬಗೆಯಲ್ಲಿ ಎಂಬುದನ್ನು ವಿದ್ವಾಂಸರು ಬಹು ಹಿಂದೆಯೇ ಬಿಡಿಸಿಟ್ಟಿದ್ದಾರೆ. ಒಂದು ಒಳ್ಳೆಯ ಕೆಲಸಕ್ಕೆ ಹತ್ತರಷ್ಟು ಫಲವೆಂದು ಕುರಾನಿನ ಆರನೆಯ ಅಧ್ಯಾಯ ಹೇಳುತ್ತದೆ. ಮೂವತ್ತು ರೋಜಾಕ್ಕೆ ಮುನ್ನೂರು, ಆರಕ್ಕೆ ಅರವತ್ತು, ಒಟ್ಟು 360. ಚಾಂದ್ರಮಾನದ ವರ್ಷ 354 ದಿನಗಳದು. ತಿಂಗಳಿಗೆ ಮೂರು ರೋಜಾ ಹಿಡಿದರೆ ಇಡೀ ಕಾಲ ಹಿಡಿದಂತೆ ಎನ್ನುವುದರ ಹಿಂದಿರುವುದೂ ಇದೇ ಹತ್ತರ ಮಗ್ಗಿ. ಅಂದಮೇಲೆ ಈ ಹತ್ತುಪಟ್ಟು ಶವ್ವಾಲಿಗೆ ಮಾತ್ರ ಸೇರಿದ ವಿಶೇಷ ಗುಣವಲ್ಲ. ಕೂಲಿಕಾರನಿಗೆ ನೀರು ಕೊಟ್ಟರೂ, ಜಗಳ ಬಿಡಿಸಿದರೂ ಅನ್ವಯಿಸುವ ಸಾಮಾನ್ಯ ನಿಯಮವನ್ನು ಒಂದು ಸುಲಭ ಅಭ್ಯಾಸಕ್ಕೆ ಜೋಡಿಸಿ ಹೇಳಿದ್ದಷ್ಟೇ. ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಮದೀನಾದ ಇಮಾಮ್ ಮಾಲಿಕ್ (ನಿಧನ 795) ಈ ಆರು ರೋಜಾಗಳ ಬಗ್ಗೆ ಹಿಂಜರಿದರು. ತಾವು ಕಂಡ ಯಾವ ವಿದ್ವಾಂಸರೂ ಅದನ್ನು ಆಚರಿಸಲಿಲ್ಲವೆಂದರು. ರಂಜಾನಿಗೆ ಸೇರದ್ದನ್ನು ತಿಳಿಯದವರು ರಂಜಾನಿಗೆ ಅಂಟಿಸಿಬಿಟ್ಟಾರೆಂಬ ಆತಂಕವನ್ನೂ ಹೇಳಿದರು. ಉಳಿದ ಇಮಾಮರಲ್ಲಿ ಹೆಚ್ಚಿನವರು ಆರು ರೋಜಾವನ್ನು ಒಳ್ಳೆಯದೆಂದೇ ಕರೆದರು, ಇಂದು ನಮ್ಮ ಕಡೆ 'ಶಶ್ ಈದ್' ರೋಜಾ ಹಿಡಿಯುವವರು ಬೇಕಾದಷ್ಟು ಮಂದಿ. ಯಾರ ಪಕ್ಷ ಸರಿ ಎಂಬುದನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಪುಣ್ಯದ ಪ್ರಮಾಣವನ್ನು ಬಿಟ್ಟು, ಬಯಸಿ ಮಾಡುವುದು ಕಡ್ಡಾಯದ ಜಾಗಕ್ಕೆ ಏರಿಬಿಟ್ಟರೆ ಏನಾಗುತ್ತದೆ ಎಂದು ಆಲೋಚಿಸಿದ ಇಮಾಮರೊಬ್ಬರು ಅಷ್ಟು ಹಿಂದೆಯೇ ಇದ್ದರು ಎಂಬುದು ನನಗೆ ಮುಖ್ಯ.

ಪಾಪ ಕಳೆಯುವ ಮಾತಿಗೂ ಒಂದು ಗಡಿಯಿದೆ. ಹದಿಮೂರನೆಯ ಶತಮಾನದ ನವವಿ ಮೊದಲಾದ ವ್ಯಾಖ್ಯಾನಕಾರರು ಅರಫಾ ರೋಜಾದಿಂದ ಕಳೆಯುವುದು ಸಣ್ಣ ಪಾಪಗಳೆಂದು ವಿವರಿಸಿದರು. ದೊಡ್ಡ ಪಾಪಕ್ಕೆ ಪಶ್ಚಾತ್ತಾಪ ಬೇಕು, ಮನುಷ್ಯರಿಗೆ ಮಾಡಿದ ಅನ್ಯಾಯಕ್ಕೆ ಆ ಮನುಷ್ಯರೇ ಕ್ಷಮಿಸಬೇಕು. ಧರ್ಮಕ್ಕಾಗಿ ಪ್ರಾಣ ಕೊಟ್ಟವನ ಪಾಪಗಳೆಲ್ಲ ಮನ್ನಾ ಆದರೂ ಸಾಲ ಮನ್ನಾ ಆಗುವುದಿಲ್ಲವೆಂಬ ಹದೀಸ್ ಮುಸ್ಲಿಂ ಸಂಗ್ರಹದಲ್ಲಿದೆ. ಪ್ರಾಣಕ್ಕೇ ತೀರದ ಸಾಲ ಒಂದು ಹಗಲಿನ ಹಸಿವಿಗೆ ತೀರೀತೆ? ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ರೈತನ ತೂಕದಲ್ಲಿ ಕೈಯಾಡಿಸಿದವನು ಜುಲ್‌ಹಜ್ ಒಂಬತ್ತರಂದು ಬಾಯಾರಿ ಕೂತರೆ ಆ ತೂಕ ಸರಿಹೋಗುವುದಿಲ್ಲ. ಇದು ನನ್ನ ಕಟುಮಾತಲ್ಲ, ಆ ಧರ್ಮದ ಶಾಸ್ತ್ರಜ್ಞರೇ ಎಳೆದ ಗೆರೆ.

ದಿನಕ್ಕೇ ಶಕ್ತಿಯಿದೆ ಎಂಬುದು ನಂಬಿಕೆಯ ಎರಡನೆಯ ಕಂಬ. ಹಾಗಿದ್ದರೆ 'ಆ ದಿನ' ಎಂಬುದು ಯಾವ ದಿನ? 2025ರಲ್ಲಿ ಸೌದಿ ಅರೇಬಿಯಾದಲ್ಲಿ ಯಾತ್ರಿಕರು ಅರಫಾದಲ್ಲಿ ನಿಂತದ್ದು ಜೂನ್ 5, ಗುರುವಾರ. ನಮ್ಮಲ್ಲಿ ಬಕ್ರೀದ್ ಆದದ್ದು ಜೂನ್ 7, ಶನಿವಾರ. ಇಲ್ಲಿನ ಚಂದ್ರದರ್ಶನದ ಪ್ರಕಾರ ಜುಲ್‌ಹಜ್ ಒಂಬತ್ತು ಬಿದ್ದದ್ದು ಜೂನ್ 6, ಶುಕ್ರವಾರ. ಪುಣ್ಯ ಎಂಬುದು ಕೊಡದಲ್ಲಿ ತುಂಬಿಟ್ಟ ನೀರಿನಂತೆ ದಿನದಲ್ಲಿ ತುಂಬಿಟ್ಟ ವಸ್ತುವಾಗಿದ್ದರೆ, ಈ ಎರಡರಲ್ಲಿ ಒಂದು ಕೊಡ ಖಾಲಿ ಇರಲೇಬೇಕು, ಕೋಟ್ಯಂತರ ಜನ ಖಾಲಿ ಕೊಡದ ಮುಂದೆ ಕೂತಿರಲೇಬೇಕು. ವಿದ್ವಾಂಸರು ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಜನ ಒಟ್ಟಾಗಿ ರೋಜಾ ಹಿಡಿದ ದಿನವೇ ರೋಜಾದ ದಿನ, ಜನ ಒಟ್ಟಾಗಿ ಹಬ್ಬ ಮಾಡಿದ ದಿನವೇ ಹಬ್ಬದ ದಿನ ಎಂಬ ಅರ್ಥದ ಹದೀಸನ್ನು ಆಧಾರವಾಗಿಟ್ಟುಕೊಂಡು, ತಮ್ಮ ಊರಿನವರ ಜೊತೆಗಿರಿ ಎನ್ನುವುದೇ ಅವರಲ್ಲಿ ಹೆಚ್ಚಿನವರ ಸಲಹೆ. ಶಬೇ ಕದರ್ ವಿಚಾರದಲ್ಲಂತೂ ದಿನಾಂಕವನ್ನೇ ಮುಚ್ಚಿಡಲಾಗಿದೆ. ರಂಜಾನಿನ ಕೊನೆಯ ಹತ್ತು ದಿನಗಳ ಬೆಸ ರಾತ್ರಿಗಳಲ್ಲಿ ಹುಡುಕಿ ಎಂದಷ್ಟೇ ಸೂಚನೆ. ನಮ್ಮಲ್ಲಿ ಇಪ್ಪತ್ತೇಳನೆಯ ರಾತ್ರಿಯೊಂದಕ್ಕೇ ಮಸೀದಿ ತುಂಬುವುದು ಆ ಸೂಚನೆಯನ್ನು ಅರ್ಧಕ್ಕೆ ಕೇಳಿಸಿಕೊಂಡದ್ದರ ಫಲ. ದೊಡ್ಡ ಫಲದ ರಾತ್ರಿಯನ್ನು ಗುರುತು ಹಚ್ಚಲಾಗದಂತೆ ಇಟ್ಟ ಮೇಲೆ ಉಳಿಯುವ ದಾರಿ ಒಂದೇ, ಒಂದು ರಾತ್ರಿಗೆ ಕೂಡಿಡುವುದನ್ನು ಬಿಟ್ಟು ಹಲವು ರಾತ್ರಿ ಎಚ್ಚರವಿರುವುದು.

ಇನ್ನು ನನ್ನ ವಾದದ ನಡುಭಾಗಕ್ಕೆ ಬರುತ್ತೇನೆ. ಒಂದು ಆಚರಣೆಯ ಅರ್ಥವನ್ನು ಅದನ್ನು ಮಾಡಿ ಎನ್ನುವ ಮಾತುಗಳಿಗಿಂತ ಮಾಡಬೇಡಿ ಎನ್ನುವ ಮಾತುಗಳು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತವೆ. ಹಸಿವೇ ಪುಣ್ಯವಾಗಿದ್ದರೆ ಪವಿತ್ರ ದಿನಗಳಲ್ಲಿ ಹಸಿವಿಗೆ ಅಡ್ಡಿ ಇರಬಾರದಾಗಿತ್ತು. ಇರುವುದು ಅದಕ್ಕೆ ತದ್ವಿರುದ್ಧ. ಮುಖ್ಯವಾದವನ್ನು ಸಾಲಾಗಿ ಇಡುತ್ತೇನೆ.

1. ರಂಜಾನ್ ಹಬ್ಬ, ಬಕ್ರೀದ್ ಈ ಎರಡೂ ದಿನ ರೋಜಾ ನಿಷಿದ್ಧ. ಬಕ್ರೀದಿನ ನಂತರದ ಮೂರು ದಿನಗಳೂ ಉಣ್ಣುವ, ಕುಡಿಯುವ, ದೇವರನ್ನು ನೆನೆಯುವ ದಿನಗಳು. ಊಟ ಮತ್ತು ದೇವರ ನೆನಪು ಇಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿವೆ.

2. ವಾರದ ಏಳು ದಿನಗಳಲ್ಲಿ ಶುಕ್ರವಾರ ಶ್ರೇಷ್ಠವೆನ್ನುತ್ತಾರೆ. ಆದರೂ ಶುಕ್ರವಾರವೊಂದನ್ನೇ ಆರಿಸಿ ನಫಿಲ್ ರೋಜಾ ಹಿಡಿಯುವುದನ್ನು ಪ್ರವಾದಿಯವರು ಮೆಚ್ಚಲಿಲ್ಲ. ತಮ್ಮ ಪತ್ನಿ ಜುವೈರಿಯಾ ಶುಕ್ರವಾರ ರೋಜಾ ಇದ್ದಾಗ, ನಿನ್ನೆ ಇದ್ದೆಯಾ, ನಾಳೆ ಇರುತ್ತೀಯಾ ಎಂದು ಕೇಳಿದರು. ಎರಡಕ್ಕೂ ಇಲ್ಲವೆಂಬ ಉತ್ತರ ಬಂದಾಗ ರೋಜಾ ಬಿಡಲು ಹೇಳಿದರು. (2025ರಲ್ಲಿ ನಮ್ಮ ಅರಫಾ ರೋಜಾ ಶುಕ್ರವಾರವೇ ಬಿದ್ದಿತ್ತು. ಅದಕ್ಕೆ ತೊಂದರೆಯಿಲ್ಲ, ಅಲ್ಲಿ ಕಾರಣ ಶುಕ್ರವಾರವಲ್ಲ.)

3. ರಾತ್ರಿಯೂ ಉಣ್ಣದೆ ಎರಡು ಮೂರು ದಿನ ಒಟ್ಟಿಗೆ ಎಳೆಯುವ ಉಪವಾಸವನ್ನು ಅನುಯಾಯಿಗಳಿಗೆ ಬೇಡವೆಂದರು. ಬೆಳಕು ಹರಿಯುವ ಮೊದಲಿನ ಸಹರಿಯ ಊಟವನ್ನು ಬಿಡಬೇಡಿ, ಹೊತ್ತು ಮುಳುಗಿದ ಮೇಲೆ ರೋಜಾ ಬಿಡಲು ತಡಮಾಡಬೇಡಿ ಎಂದರು. ಹಸಿವನ್ನು ಎರಡೂ ತುದಿಯಲ್ಲಿ ಮೊಟಕು ಮಾಡುವ ಮಾತುಗಳಿವು.

ಇವುಗಳಿಗೆಲ್ಲ ಕಿರೀಟವಿಟ್ಟಂತಿರುವ ಪ್ರಸಂಗ ಅರಫಾದ್ದೇ. ವಿದಾಯದ ಹಜ್‌ನಲ್ಲಿ ಪ್ರವಾದಿಯವರು ಅರಫಾ ಬಯಲಿನಲ್ಲಿದ್ದಾಗ ಅವರಿಗೆ ರೋಜಾ ಇದೆಯೋ ಇಲ್ಲವೋ ಎಂದು ಜನರಲ್ಲಿ ಚರ್ಚೆ ಹುಟ್ಟಿತು. ಉಮ್ಮುಲ್ ಫಜ್ಲ್ ಎಂಬ ಮಹಿಳೆ ವಾದಕ್ಕೆ ನಿಲ್ಲಲಿಲ್ಲ, ಒಂದು ಬಟ್ಟಲು ಹಾಲು ಕಳಿಸಿಕೊಟ್ಟಳು. ಒಂಟೆಯ ಮೇಲೆ ಕೂತಿದ್ದ ಪ್ರವಾದಿ ಎಲ್ಲರೂ ನೋಡುತ್ತಿದ್ದಂತೆ ಅದನ್ನು ಕುಡಿದರು. ಯಾವ ದಿನದ ರೋಜಾಕ್ಕೆ ಎರಡು ವರ್ಷದ ಪಾಪ ಕಳೆಯುತ್ತದೆಂದು ಅವರೇ ಹೇಳಿದ್ದರೋ ಅದೇ ದಿನ, ಆ ದಿನಕ್ಕೆ ಹೆಸರು ಕೊಟ್ಟ ಅದೇ ಬಯಲಿನಲ್ಲಿ! ಯಾತ್ರಿಕನಿಗೆ ಬಿಸಿಲಿನಲ್ಲಿ ನಿಂತು ಪ್ರಾರ್ಥಿಸುವ ಕೆಲಸವಿದೆ, ಅದಕ್ಕೆ ಮೈಯಲ್ಲಿ ಕಸುವು ಬೇಕು, ಆದ್ದರಿಂದ ರೋಜಾ ಯಾತ್ರೆಗೆ ಹೋಗದವರಿಗೆ ಎಂದು ಶಾಸ್ತ್ರಜ್ಞರು ಕಾರಣ ಕೊಟ್ಟರು. ಕಾರಣ ಒಪ್ಪುವಂಥದ್ದೇ. ಆದರೆ ಅದನ್ನು ಒಪ್ಪಿದ ಕ್ಷಣದಲ್ಲೇ ಹಸಿವಿಗೂ ಪುಣ್ಯಕ್ಕೂ ನೇರ ಅನುಪಾತವಿದೆ ಎಂಬ ಮಾತು ಬಿದ್ದುಹೋಗುತ್ತದೆ. ಆ ಹೊತ್ತಿನಲ್ಲಿ ಒಬ್ಬನ ಪಾಲಿಗೆ ಬಂದ ಕೆಲಸ ಯಾವುದು ಎಂಬುದು ರೋಜಾಕ್ಕಿಂತ ಮುಂದೆ ಬಂದು ನಿಲ್ಲುತ್ತದೆ.

ಪಾಲಿಗೆ ಬಂದ ಕೆಲಸ ಎಂದಾಗ ಇತರರ ಹಕ್ಕೂ ಸೇರಿತು. ಅಬ್ದುಲ್ಲಾ ಇಬ್ನ್ ಅಮ್ರ್ ಎಂಬ ಯುವಕ ದಿನವೂ ರೋಜಾ ಇದ್ದು ರಾತ್ರಿಯೆಲ್ಲ ನಮಾಜು ಮಾಡುತ್ತಿದ್ದ. ಅದು ಕಿವಿಗೆ ಬಿದ್ದಾಗ ಪ್ರವಾದಿಯವರು ಅವನನ್ನು ಹೊಗಳಲಿಲ್ಲ. ನಿನ್ನ ಮೈಗೆ, ಕಣ್ಣಿಗೆ, ಹೆಂಡತಿಗೆ, ಮನೆಗೆ ಬರುವ ನೆಂಟರಿಗೆ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿ ತಿಂಗಳಿಗೆ ಮೂರು ಸಾಕೆಂದರು. ಹುಡುಗ ಇನ್ನೂ ಹೆಚ್ಚು ಬೇಕೆಂದು ಚೌಕಾಸಿ ಮಾಡಿದ. ಕೊನೆಗೆ ದಾವೂದ್ ಪ್ರವಾದಿಯ ಕ್ರಮ, ಅಂದರೆ ದಿನ ಬಿಟ್ಟು ದಿನ, ಅದಕ್ಕಿಂತ ಮೇಲಿನದಿಲ್ಲ ಎಂದು ಗೆರೆ ಎಳೆದರು. ಮುಪ್ಪಿನಲ್ಲಿ ಆತ ಮೊದಲು ಸಿಕ್ಕ ರಿಯಾಯಿತಿಯನ್ನೇ ಒಪ್ಪಬೇಕಿತ್ತೆಂದು ಹಂಬಲಿಸಿದ. ಅಬೂ ದರ್ದಾ ಎಂಬವರ ಮನೆಗೆ ಗೆಳೆಯ ಸಲ್ಮಾನ್ ಬಂದ ಪ್ರಸಂಗ ನಮ್ಮ ಮನೆಗಳಿಗೆ ಇದಕ್ಕಿಂತ ಹತ್ತಿರದ್ದು. ಮನೆಯೊಡತಿ ಮಾಸಿದ ಉಡುಪಿನಲ್ಲಿದ್ದಳು, ಗಂಡನಿಗೆ ಲೋಕದ ಗೊಡವೆಯೇ ಇಲ್ಲವೆಂದಳು. ಊಟ ಬಡಿಸಿದಾಗ ಅಬೂ ದರ್ದಾ ತನಗೆ ರೋಜಾ ಎಂದರು. ನೀನು ಉಣ್ಣದೆ ನಾನು ಉಣ್ಣುವುದಿಲ್ಲವೆಂದು ಸಲ್ಮಾನ್ ಕೂತರು, ರೋಜಾ ಮುರಿಸಿದರು, ರಾತ್ರಿ ನಮಾಜಿಗೆ ಏಳಹೋದವರನ್ನು ತಡೆದು ಮಲಗಿಸಿದರು. ದೂರು ಪ್ರವಾದಿಯವರ ಮುಂದೆ ಹೋದಾಗ ಅವರು ಸಲ್ಮಾನ್ ಹೇಳಿದ್ದೇ ಸರಿ ಎಂದರು. ಗಂಡ ಜೊತೆಯಲ್ಲಿರುವಾಗ ಹೆಂಡತಿ ಅವನ ಒಪ್ಪಿಗೆಯಿಲ್ಲದೆ ನಫಿಲ್ ರೋಜಾ ಹಿಡಿಯಬಾರದೆಂಬ ನಿಯಮವನ್ನು ಮಾತ್ರ ಎತ್ತಿ ಆಡುವವರು ನಮ್ಮಲ್ಲಿ ಬಹಳ. ಈ ಪ್ರಸಂಗದಲ್ಲಿ ಹಕ್ಕು ಕಳೆದುಕೊಂಡವಳು ಹೆಂಡತಿ, ಕಸಿದದ್ದು ಗಂಡನ ಭಕ್ತಿ ಎಂಬುದನ್ನು ಅವರು ನೆನೆಯಬೇಕು. ಜೂನ್ ತಿಂಗಳಲ್ಲಿ ಚಳ್ಳಕೆರೆಯಲ್ಲಿ ಸಹರಿ ನಾಲ್ಕೂವರೆಯ ಸುಮಾರಿಗೆ ಮುಗಿಯಬೇಕು. ಗಂಡಸು ನಾಲ್ಕಕ್ಕೆ ಎದ್ದು ಉಣ್ಣಬೇಕಾದರೆ ಹೆಂಗಸು ಮೂರಕ್ಕೆ ಎದ್ದು ಒಲೆ ಹಚ್ಚಿರಬೇಕು. ಅವನ ಬಯಕೆಯ ರೋಜಾದಲ್ಲಿ ಅವಳ ನಿದ್ದೆ ಹೋಯಿತು, ಮಾರನೆಯ ದಿನ ಅವಳ ಕೂಲಿಕೆಲಸ ಹಾಗೇ ಉಳಿಯಿತು. ನಫಿಲ್ ಎಂಬುದರಲ್ಲಿ ಬಯಕೆ ಯಾರದು, ಬೆಲೆ ತೆರುವವರು ಯಾರು ಎಂದು ಪ್ರತಿ ಮನೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ದುಡಿಮೆಯ ಮಾತು ಬಂದದ್ದರಿಂದ ಇನ್ನೊಂದು ಸಾಕ್ಷ್ಯ. ಸುಡುಬಿಸಿಲಿನ ಪ್ರಯಾಣವೊಂದರಲ್ಲಿ ಕೆಲವರಿಗೆ ರೋಜಾ ಇತ್ತು, ಕೆಲವರಿಗೆ ಇರಲಿಲ್ಲ. ತಂಗುವ ಜಾಗ ಬಂದಾಗ ರೋಜಾ ಇದ್ದವರು ಬಿದ್ದುಕೊಂಡರು. ಇಲ್ಲದವರು ಗುಡಾರ ಹಾಕಿದರು, ಒಂಟೆಗಳಿಗೆ ನೀರು ಕುಡಿಸಿದರು. ಈ ದಿನದ ಪುಣ್ಯವನ್ನೆಲ್ಲ ರೋಜಾ ಇಲ್ಲದವರೇ ಕೊಂಡೊಯ್ದರು ಎಂದು ಪ್ರವಾದಿಯವರು ಹೇಳಿದ್ದನ್ನು ಬುಖಾರಿ, ಮುಸ್ಲಿಂ ಎರಡೂ ದಾಖಲಿಸಿವೆ. ಚಾಂದ್ರಮಾನದ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಮುಗಿಯುವುದರಿಂದ ಈ ಪವಿತ್ರ ದಿನಗಳು ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿಬರುತ್ತವೆ. 2010ರಲ್ಲಿ ಬಕ್ರೀದ್ ನವೆಂಬರಿನಲ್ಲಿತ್ತು, ಶೇಂಗಾ ಕಿತ್ತು ಬಡಿಯುವ ಕಾಲ. 2025ರಲ್ಲಿ ಜೂನ್, ಮೊದಲ ಮಳೆಗೆ ಹೊಲ ಹಸನು ಮಾಡಿ ಬಿತ್ತನೆಗೆ ಮುಗಿಲು ನೋಡುವ ಕಾಲ. ಬಿತ್ತನೆಯ ಹದ ಒಂದೆರಡು ದಿನದ್ದು. ಆ ದಿನ ನಫಿಲ್ ರೋಜಾ ಹಿಡಿದು ಅರ್ಧ ಹೊತ್ತಿಗೆ ಕೈಚೆಲ್ಲಿದವನ ಸಾಲನ್ನು ಜೊತೆಯವರು ಎಳೆಯಬೇಕು. ಹಿಡಿಯದೆ ಬಿತ್ತಿ, ಜೊತೆಯವರಿಗೂ ನೀರು ತಂದುಕೊಟ್ಟವನ ಕಡೆಗೆ ಈ ಹದೀಸ್ ಕೈ ತೋರಿಸುತ್ತದೆ. ರಾತ್ರಿಯ ಆರಾಧನೆಗೂ ಇದೇ ಮಾತು. ಮುಆಜ್ ಎಂಬವರು ಜನರಿಗೆ ನಮಾಜು ನಡೆಸುವಾಗ ಉದ್ದುದ್ದ ಅಧ್ಯಾಯಗಳನ್ನು ಓದತೊಡಗಿದಾಗ, ಹಗಲೆಲ್ಲ ನೀರು ಸೇದುವ ಒಂಟೆಗಳ ಜೊತೆ ದುಡಿದು ಬಂದ ರೈತನೊಬ್ಬ ಸಾಲು ಬಿಟ್ಟು ಹೊರಟ. ಪ್ರವಾದಿಯವರಿಂದ ಬೈಸಿಕೊಂಡದ್ದು ರೈತನಲ್ಲ, ಮುಆಜ್.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಬರುತ್ತದೆ. ರೋಜಾ ನನಗಾಗಿ, ಅದರ ಫಲ ನಾನೇ ಕೊಡುತ್ತೇನೆ ಎಂದು ದೇವರು ಹೇಳಿದ್ದಾನೆ. ಅದು ದೇವರು ಮತ್ತು ದಾಸನ ನಡುವಿನ ಗುಟ್ಟು, ಅದನ್ನು ನೀವು ಸಮಾಜಸೇವೆಯ ತಕ್ಕಡಿಗೆ ಹಾಕುತ್ತಿದ್ದೀರಿ ಎಂದು ಭಕ್ತರು ಕೇಳಬಹುದು. ಅವರ ಮಾತಿನಲ್ಲಿ ಹುರುಳಿದೆ. ಹಸಿದು ಕೂತಾಗ ಮನಸ್ಸು ಮೆತ್ತಗಾಗುವುದು, ತನ್ನ ಮೇಲಿನ ತನ್ನ ಹಿಡಿತ ತನಗೇ ಕಾಣುವುದು, ಯಾರಿಗೂ ತಿಳಿಯದಂತೆ ಬಚ್ಚಲಿನಲ್ಲಿ ನೀರು ಕುಡಿಯಬಹುದಾಗಿದ್ದರೂ ಕುಡಿಯದೆ ಇರುವುದು, ಇವಕ್ಕೆ ಯಾವ ಸಾಮಾಜಿಕ ಉಪಯೋಗದ ಚೀಟಿಯನ್ನೂ ಅಂಟಿಸಬೇಕಾಗಿಲ್ಲ. ನಾನು ಹೇಳುತ್ತಿರುವುದು ಬೇರೆ. ಸುಳ್ಳು ಮಾತನ್ನೂ ಅದರಂತೆ ನಡೆಯುವುದನ್ನೂ ಬಿಡದವನು ಅನ್ನ ನೀರು ಬಿಟ್ಟರೆ ಅದರ ಅಗತ್ಯ ದೇವರಿಗಿಲ್ಲವೆಂದು ಬುಖಾರಿಯಲ್ಲಿದೆ. ಗುಟ್ಟಿನ ಆ ಇನ್ನೊಂದು ಪಕ್ಷವೇ ಹೀಗೆ ಷರತ್ತು ಹಾಕಿದ ಮೇಲೆ ಅದನ್ನು ಇಬ್ಬರ ಖಾಸಗಿ ವ್ಯವಹಾರವೆಂದು ಬಾಗಿಲು ಹಾಕಿಕೊಳ್ಳಲಾಗದು. ಇದಕ್ಕೂ ಕಠಿಣವಾದದ್ದು ದಿವಾಳಿಯಾದವನ ಹದೀಸ್. ಒಬ್ಬ ನಮಾಜು, ರೋಜಾ, ಜಕಾತುಗಳ ರಾಶಿಯನ್ನೇ ಹೊತ್ತು ಕಡೆಯ ದಿನ ಬರುತ್ತಾನೆ. ಆದರೆ ಅವನು ಒಬ್ಬರನ್ನು ಬೈದಿದ್ದಾನೆ, ಒಬ್ಬರ ಮೇಲೆ ಅಪವಾದ ಹೊರಿಸಿದ್ದಾನೆ, ಒಬ್ಬರ ಹಣ ತಿಂದಿದ್ದಾನೆ, ಒಬ್ಬರನ್ನು ಹೊಡೆದಿದ್ದಾನೆ. ಅವರೆಲ್ಲರಿಗೂ ಅವನ ಪುಣ್ಯವನ್ನು ಹಂಚಲಾಗುತ್ತದೆ, ಅದು ತೀರಿದಾಗ ಅವರ ಪಾಪ ಇವನ ತಲೆಗೆ ಬರುತ್ತದೆ. ಲೆಕ್ಕದ ಭಾಷೆಯಲ್ಲೇ ಮಾತಾಡಬೇಕೆನ್ನುವವರಿಗೆ ಇದಕ್ಕಿಂತ ನೇರವಾದ ಲೆಕ್ಕವಿಲ್ಲ. ನಫಿಲ್ ರೋಜಾ ಇಲ್ಲಿ ಜಮಾ ಪುಟದಲ್ಲೇ ಇದೆ, ಯಾರೂ ಅದನ್ನು ಅಲ್ಲಗಳೆಯುವುದಿಲ್ಲ. ಅದರ ವಾರಸುದಾರರು ಮಾತ್ರ ಬೇರೆಯವರು.

ಶಾಸ್ತ್ರ ಬಲ್ಲವರು ಇನ್ನೊಂದು ಕಡೆಯಿಂದ ನನ್ನನ್ನು ಹಿಡಿಯಬಹುದು. ಆಣೆ ಮುರಿದವನು ಹತ್ತು ಬಡವರಿಗೆ ತನ್ನ ಮನೆಯವರು ಉಣ್ಣುವಂಥ ಊಟ ಹಾಕಬೇಕು ಅಥವಾ ಬಟ್ಟೆ ಕೊಡಬೇಕು ಅಥವಾ ಗುಲಾಮನನ್ನು ಬಿಡಿಸಬೇಕು. ಅದಕ್ಕೆ ಗತಿಯಿಲ್ಲದಿದ್ದರೆ ಮಾತ್ರ ಮೂರು ದಿನ ರೋಜಾ ಎಂದು ಕುರಾನಿನ ಐದನೆಯ ಅಧ್ಯಾಯದಲ್ಲಿದೆ. ಅಲ್ಲಿ ಊಟ ಹಾಕುವುದು ಮೊದಲು, ಹಸಿದಿರುವುದು ಕೊನೆಗೆ. ಇದು ನನ್ನ ವಾದಕ್ಕೆ ಅನುಕೂಲ. ಆದರೆ ರಂಜಾನಿನ ಹಗಲಿನಲ್ಲಿ ಹೆಂಡತಿಯನ್ನು ಕೂಡಿ ರೋಜಾ ಕೆಡಿಸಿದವನ ಪ್ರಾಯಶ್ಚಿತ್ತದಲ್ಲಿ ಸಾಲು ತಿರುಗುತ್ತದೆ. ಗುಲಾಮನ ಬಿಡುಗಡೆ, ಆಗದಿದ್ದರೆ ಎರಡು ತಿಂಗಳ ರೋಜಾ, ಅದೂ ಆಗದಿದ್ದರೆ ಅರವತ್ತು ಬಡವರಿಗೆ ಊಟ. ಹಾಗಾಗಿ ಊಟ ಹಾಕುವುದು ಯಾವಾಗಲೂ ರೋಜಾಕ್ಕಿಂತ ಮೇಲೆಂದು ನಾನು ಸಾಧಿಸಲಾರೆ, ಸಾಧಿಸಲು ಹೊರಟಿಲ್ಲ. ಎರಡನ್ನೂ ಒಂದಕ್ಕೊಂದು ಬದಲಾಯಿಸಬಹುದಾದ ನಾಣ್ಯಗಳಂತೆ ಶಾಸ್ತ್ರ ಇಟ್ಟಿದೆ ಎಂಬುದಷ್ಟೇ ನನ್ನ ಮಾತು. ಈ ಎರಡನೆಯ ನಿಯಮ ಮೊದಲು ಜಾರಿಯಾದ ಪ್ರಸಂಗ ನೋಡಿ. ತಪ್ಪು ಮಾಡಿದ ಬಡವನಿಗೆ ಮೂರರಲ್ಲಿ ಒಂದೂ ಕೈಲಾಗಲಿಲ್ಲ. ಪ್ರವಾದಿಯವರು ತಮ್ಮಲ್ಲಿಗೆ ಬಂದಿದ್ದ ಒಂದು ಬುಟ್ಟಿ ಖರ್ಜೂರವನ್ನು ಅವನ ಕೈಗಿಟ್ಟು ಬಡವರಿಗೆ ಹಂಚು ಎಂದರು. ಮದೀನಾದಲ್ಲಿ ನಮ್ಮ ಮನೆಗಿಂತ ಬಡ ಮನೆ ಇಲ್ಲವೆಂದ. ಪ್ರವಾದಿಯವರು ನಕ್ಕು, ಹಾಗಾದರೆ ನಿನ್ನ ಮನೆಯವರಿಗೇ ಉಣಿಸು ಎಂದು ಕಳಿಸಿದರು.

ಈಗ ಎದುರು ದಿಕ್ಕಿನ ಆಕ್ಷೇಪ. ಕನ್ನಡದಲ್ಲಿ ವಿಚಾರ ಮಾಡುವವರಿಗೆ ಇದು ಸಹಜವಾಗಿಯೇ ಹೊಳೆಯುತ್ತದೆ. ವಾರ, ತಿಥಿ, ಮುಹೂರ್ತಗಳ ಹೆಚ್ಚುಗಾರಿಕೆಯನ್ನು ಹನ್ನೆರಡನೆಯ ಶತಮಾನದ ಶರಣರೇ ಪ್ರಶ್ನಿಸಿದರು. ದಿನಕ್ಕೆ ಶಕ್ತಿಯಿಲ್ಲವೆಂದು ನೀವೂ ಒಪ್ಪುವುದಾದರೆ ಪವಿತ್ರ ದಿನ ಎಂಬುದನ್ನೇ ಕೈಬಿಡಬಾರದೇಕೆ? ಇದಕ್ಕೆ ಉತ್ತರ ನಮ್ಮ ಹೊಲದಲ್ಲೇ ಇದೆ. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ ಎಂಬ ಕಟ್ಟಳೆ ನಮ್ಮ ರೈತರಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಎತ್ತಿಗೆ ದಣಿವಾಗುವುದು ಸೋಮವಾರ ಮಾತ್ರ ಎಂದು ಯಾವ ರೈತನೂ ತಿಳಿದಿಲ್ಲ. ಆದರೆ ದಣಿದಾಗ ಬಿಡೋಣ ಎಂದು ಬಿಟ್ಟರೆ ಹದ ತಪ್ಪೀತೆಂಬ ಅವಸರದಲ್ಲಿ ಎತ್ತಿಗೆ ಬಿಡುವು ಎಂದೂ ಸಿಗುವುದಿಲ್ಲ. ಊರೆಲ್ಲ ಒಪ್ಪಿದ ಒಂದು ದಿನವಿದ್ದರೆ ದುರಾಸೆಯವನೂ ಆ ದಿನ ನೊಗ ಇಳಿಸುತ್ತಾನೆ. ಪವಿತ್ರ ದಿನದ ಕೆಲಸವೂ ಇದೇ ಜಾತಿಯದು. ಮನುಷ್ಯನ ಹೊಟ್ಟೆ, ಆಸೆ, ಬಾಯಿ ಇವಕ್ಕೆ ಬಿಡುವು ಕೊಡಲು ಯಾವ ದಿನವಾದರೂ ಆದೀತು, ಆದರೆ ಗೊತ್ತುಮಾಡದ ದಿನ ಬರುವುದೇ ಇಲ್ಲ. ಕಡಿಮೆಯಾದರೂ ಬಿಡದೆ ನಡೆಸಿಕೊಂಡು ಬಂದ ಕೆಲಸ ದೇವರಿಗೆ ಹೆಚ್ಚು ಪ್ರಿಯ ಎಂಬ ಹದೀಸನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಸೋಮವಾರ, ಗುರುವಾರದ ರೋಜಾ, ತಿಂಗಳ ಬೆಳದಿಂಗಳ ಮೂರು ದಿನಗಳ ರೋಜಾ ಇವೆಲ್ಲ ಇಂಥ ಗೊತ್ತುಪಾಡುಗಳು. ಹಾಗೆಯೇ, ಸುಲಭವಾಗಿ ಮುರಿಯಬಹುದಾದರೆ ಶಿಸ್ತು ಎಲ್ಲಿ ಉಳಿಯಿತು ಎನ್ನುವವರಿಗೂ ಉತ್ತರವಿದೆ. ಮನೆಗೆ ಬಂದವರಿಗಾಗಿ ನಫಿಲ್ ರೋಜಾ ಬಿಡುವುದಕ್ಕೆ ಅವಕಾಶವಿದೆ, ಆದರೆ ಹಾಗೆ ಬಿಟ್ಟದ್ದನ್ನು ಇನ್ನೊಂದು ದಿನ ತುಂಬಿಕೊಡಬೇಕೆಂದು ಬಯಲುಸೀಮೆಯಲ್ಲಿ ಹೆಚ್ಚಾಗಿರುವ ಹನಫಿಗಳು ಹೇಳುತ್ತಾರೆ. ತುಂಬಿಕೊಟ್ಟರೆ ಒಳ್ಳೆಯದು, ಕಡ್ಡಾಯವಲ್ಲ ಎಂದು ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿ ಪಂಥ ಹೇಳುತ್ತದೆ. ಶಿಸ್ತಿನ ಬಗ್ಗೆ ಭಿನ್ನಾಭಿಪ್ರಾಯವಿದೆ, ಬಂದವರ ಮುಂದೆ ಮುಖ ತಿರುಗಿಸಿ ಕೂರಬೇಡ ಎಂಬುದರ ಬಗ್ಗೆ ಇಲ್ಲ.

ಆಶೂರಾದ ವಿಷಯ ನಮ್ಮ ಭಾಗದಲ್ಲಿ ಸ್ವಲ್ಪ ಬೇರೆ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಮೂಸಾ ಪ್ರವಾದಿಯ ಬಿಡುಗಡೆಯ ನೆನಪಿಗೆ ಆ ದಿನ ಉಪವಾಸವಿರುವುದನ್ನು ಕಂಡು ಮುಸ್ಲಿಮರಿಗೂ ಹೇಳಿದರು. ರಂಜಾನ್ ವಿಧಿಯಾದ ಮೇಲೆ ಅದು ಇಷ್ಟವಿದ್ದವರ ರೋಜಾ ಆಗಿ ಉಳಿಯಿತು. ಕ್ರಿ.ಶ. 680ರಲ್ಲಿ ಅದೇ ದಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಹುತಾತ್ಮರಾದರು. ನಮ್ಮ ಹಳ್ಳಿಗಳ ಪೀರಲ ಹಬ್ಬ ಹಿಡಿದಿಟ್ಟುಕೊಂಡಿರುವುದು ಈ ಎರಡನೆಯ ನೆನಪನ್ನು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಸಕ್ಕರೆ ಓದಿಸುವವರಲ್ಲಿ, ಹರಕೆಯ ಫಕೀರರಲ್ಲಿ ಮುಸ್ಲಿಮರಲ್ಲದವರೇ ಹೆಚ್ಚಿರುವ ಊರುಗಳಿವೆ. ಗ್ರಂಥದ ರೋಜಾ ಹಿಡಿಯುವವರು ಇದನ್ನು ಅಜ್ಞಾನವೆನ್ನುತ್ತಾರೆ, ಫಕೀರರಾಗುವವರಿಗೆ ಗ್ರಂಥದ ರೋಜಾ ಗೊತ್ತೇ ಇರುವುದಿಲ್ಲ. ಆಚರಣೆಯ ಶುದ್ಧಾಶುದ್ಧದ ವಾದ ಇಲ್ಲಿಗೆ ಬೇಡ. ಮೇಲೆ ಕಂಡ ಅಳತೆಯನ್ನು ಇಟ್ಟು ನೋಡಿದರೆ ಫಕೀರನಾದವನು ಐದು ಮನೆ ತಿರುಗಿ ಬೇಡಿ ತಂದದ್ದನ್ನು ಹಂಚಿ ತಿನ್ನುವುದರಲ್ಲಿ ನಫಿಲ್ ರೋಜಾದ ಒಂದು ಪಾಲು ಇದೆ ಎಂದು ನನಗನ್ನಿಸುತ್ತದೆ. ರೋಜಾ ಹಿಡಿದು ಆ ಫಕೀರನನ್ನು ಹೀಯಾಳಿಸುವವನು ತನ್ನ ಪಾಲನ್ನು ಅಷ್ಟರಮಟ್ಟಿಗೆ ಕಳೆದುಕೊಂಡಿದ್ದಾನೆ. ಈ ಸೀಮೆ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಗಳನ್ನು ಇಂದಿಗೂ ನೆನೆಯುವುದು ಅವರು ಮಾಡಿದ ಉಪವಾಸಗಳನ್ನು ಎಣಿಸಿ ಅಲ್ಲ, ಕಟ್ಟಿಸಿದ ಕೆರೆಗಳಿಂದ.

ನಫಿಲ್ ರೋಜಾ ಹಿಡಿಯುವವರಲ್ಲಿ ಒಂದು ಕೇಳಿಕೆ. ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಡಬೇಕೆಂಬ ಹದೀಸ್ ಇಬ್ನ್ ಮಾಜಾ ಸಂಗ್ರಹದಲ್ಲಿದೆ. ಮುಂದಿನ ಬಕ್ರೀದ್ ತಿಂಗಳ ಒಂಬತ್ತಕ್ಕೆ ರೋಜಾ ಹಿಡಿಯಬೇಕೆಂದುಕೊಂಡವರು ಎಂಟರ ಸಂಜೆಯೊಳಗೆ ಹೊಲದ ಕೂಲಿಯವರ, ಅಂಗಡಿಯ ಹುಡುಗರ, ಮನೆಗೆಲಸದವರ ಬಾಕಿಯನ್ನು ಚುಕ್ತಾ ಮಾಡಿ. ಸಹರಿಯ ಒಲೆಯನ್ನು ಆ ಒಂದು ದಿನವಾದರೂ ಗಂಡಸರೇ ಹಚ್ಚಿ.